ನನ್ನ ಕರುಳಿನ ಸಮಾಚಾರ

ಕಾಸ್ತೆಲ್ಫಿದಾರ್ದೊ
೧೪ ನವೆಂಬರ್ ೨೦೧೯, ಗುರುವಾರ

ನನ್ನ ಪ್ರೀತಿಯ ತಂಗಿ ಎಲ್ವಿಯಾಗೆ,

ಅಕ್ಕನ ಮುತ್ತುಗಳು. ನೀನೂ ನಿನ್ನ ದ್ರಾಗೋನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಟ್ರಿಯೆಸ್ಟೆಯಲ್ಲಿ ಆ ಹುಚ್ಚು ಗಾಳಿ ಶುರುವಾಗಿರಬೇಕು, ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ. ಆಗಸ್ಟಿನಲ್ಲಿ ನೀನು ಕಳಿಸಿದ ಕಾರ್ಡಿಗೆ ಇನ್ನೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯುವುದು ನ್ಯಾಯವೇ. ಆದರೆ ಕಾರಣ ಕೇಳಿದರೆ ನಗುತ್ತೀಯ. ಈ ಮೂರು ತಿಂಗಳು ನಿನ್ನ ಅಕ್ಕ ತನ್ನ ಕರುಳಿನ ಹಿಂದೆ ಓಡಾಡುತ್ತಿದ್ದಳು.

ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬೇಡ. ನಮ್ಮಿಬ್ಬರ ಫೋನು ನಿನಗೆ ಗೊತ್ತಿರುವುದೇ. ಕ್ರಿಸ್‌ಮಸ್ಸಿಗೊಂದು, ಈಸ್ಟರಿಗೊಂದು, ಅಲ್ಲಿ ಮಳೆಯಾ, ಇಲ್ಲಿ ಬಿಸಿಲು, ಸರಿ ಇಡ್ತೀನಿ. ಕಾಗದವಾದರೆ ನೀನು ಕೊನೆಯವರೆಗೆ ಓದಲೇಬೇಕು.

ಜೂನಿನಲ್ಲಿ ಆರೋಗ್ಯ ಇಲಾಖೆಯಿಂದ ನನಗೂ ಗಾಸ್ಪರೆಗೂ ಒಂದೊಂದು ಲಕೋಟೆ ಬಂತು. ಮಲದ ಪರೀಕ್ಷೆ ಮಾಡಿಸಿಕೊಳ್ಳಿ, ಔಷಧಿ ಅಂಗಡಿಯಲ್ಲಿ ಕೊಡುವ ಚಿಕ್ಕ ಕೊಳವೆಯಲ್ಲಿ ಒಂದಿಷ್ಟು ತೆಗೆದು ತಂದುಕೊಡಿ ಎಂದು. ಎರಡು ವರ್ಷಕ್ಕೊಮ್ಮೆ ಬರುವ ಆ ಲಕೋಟೆಯನ್ನು ನಾನು ಒಮ್ಮೆಯೂ ಒಡೆದವಳಲ್ಲ, ಹಳೆಯ ಪತ್ರಿಕೆಗಳ ಜೊತೆ ಕಟ್ಟಿಬಿಡುತ್ತಿದ್ದೆ. ಈ ಸಲ ಗಾಸ್ಪರೆ ಹಟ ಹಿಡಿದ. "ನಂಗೊಬ್ಬನಿಗೇ ನಾಚ್ಕೆ ಆಗತ್ತೆ, ಇಬ್ರೂ ಒಟ್ಟಿಗೆ ಕೊಟ್ಟು ಬರೋಣ" ಎಂದ. ನನ್ನ ಗಂಡನಿಗೆ ನಾಚಿಕೆ! ಮದುವೆಮನೆಗಳಲ್ಲಿ ಮೇಜಿನ ಮೇಲೆ ಹತ್ತಿ ಅಕಾರ್ಡಿಯನ್ ನುಡಿಸುವ ಮನುಷ್ಯನಿಗೆ! ಅಂತೂ ಇಬ್ಬರೂ ಚರ್ಚಿಗೆ ಹೋಗುವವರ ಹಾಗೆ ಗಂಭೀರವಾಗಿ ಹೋಗಿ ಕೊಟ್ಟು ಬಂದೆವು.

ಅವನದು ಏನೂ ಇಲ್ಲ ಎಂದು ಬಂತು. "ನಂದು ಪಾಸು" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. ನನ್ನದರಲ್ಲಿ ರಕ್ತದ ಅಂಶ ಇದೆ, ಕೊಳವೆ ಹಾಕಿ ಒಳಗೆ ನೋಡಬೇಕು ಎಂದು ಬಂತು. ಅವನು ಕೂಗುವುದನ್ನು ನಿಲ್ಲಿಸಿದ.

ಸೆಪ್ಟೆಂಬರ್ ಮೊದಲ ವಾರ ನಗರದ ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲು ಒಂದು ಅರ್ಜಿ ತುಂಬಲು ಕೊಟ್ಟರು. ನಿಮ್ಮ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು ಒಂದು ಪ್ರಶ್ನೆ. "ಇಲ್ಲ" ಎಂದು ಬರೆದೆ. ಪಕ್ಕದಲ್ಲಿ ಕುಳಿತಿದ್ದ ಗಾಸ್ಪರೆ ಅದನ್ನು ನೋಡಿದ, ನನ್ನ ಮುಖ ನೋಡಿದ.

ದಪ್ಪ ಮೀಸೆಯ ಡಾಕ್ಟರು ಕೊಳವೆ ಹಾಕಿದರು. ಎಲ್ವಿಯಾ, ಅದರ ವರ್ಣನೆ ಬೇಡ. ಅರ್ಧ ದಾರಿಯಲ್ಲಿ ಕೊಳವೆ ನಿಂತುಹೋಯಿತು. ಮುಂದಕ್ಕೆ ತಳ್ಳಿದರೆ ನನಗೆ ಜೀವ ಹೋಗುವಷ್ಟು ನೋವು. ಹತ್ತು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದಿದ್ದರಲ್ಲ, ಆ ಗಾಯ ಮಾಯುವಾಗ ಕರುಳು ಅಲ್ಲಲ್ಲಿ ಅಂಟಿಕೊಂಡು ಮಡಚಿಕೊಂಡಿದೆಯಂತೆ. ಡಾಕ್ಟರು ಹಣೆ ಒರೆಸಿಕೊಂಡು, "ಸಿನ್ಯೋರಾ, ನಿಮ್ಮ ಕರುಳು ಘಾಟಿ ರಸ್ತೆ ಇದ್ದ ಹಾಗಿದೆ, ಇಷ್ಟೊಂದು ತಿರುವು ನಾನು ಕಂಡಿಲ್ಲ. ಮುಂದಕ್ಕೆ ಹೋದ್ರೆ ಅಪಾಯ, ಇಲ್ಲಿಗೇ ಸಾಕು. ಉಳಿದದ್ದನ್ನ ವರ್ಚುವಲ್ ಆಗಿ ನೋಡೋಣ" ಎಂದರು.

ವರ್ಚುವಲ್ ಎಂದರೆ ಏನೆಂದು ನನಗೆ ಗೊತ್ತಾಗಲಿಲ್ಲ, ಕೇಳಲು ಸಂಕೋಚವಾಯಿತು. ಮನೆಗೆ ಬರುವಾಗ ಕಾರಿನಲ್ಲಿ ಗಾಸ್ಪರೆಯನ್ನು ಕೇಳಿದೆ.

"ಅಂದ್ರೆ ನಿಜವಾದದ್ದಲ್ಲ" ಎಂದ ಅವನು, ದೊಡ್ಡ ಪಂಡಿತನ ಹಾಗೆ. "ಮಕ್ಕಳು ಕಂಪ್ಯೂಟರಲ್ಲಿ ಯುದ್ಧ ಮಾಡ್ತವಲ್ಲ, ಹಾಗೆ."

"ನಿಜವಲ್ಲದ ಪರೀಕ್ಷೆ ಮಾಡಿ ನನ್ನ ನಿಜವಾದ ಕರುಳಲ್ಲಿ ಏನು ಕಾಣ್ತಾರೆ?"

"ನಂಗೇನು ಗೊತ್ತು ರೇನಾ? ಬಹುಶಃ ನೀನು ಹೋಗೋದೇ ಬೇಡ. ಮನೇಲಿ ಕೂತ್ಕೊಂಡು ಬಾಯಿ ತೆರೆದು ಫೋನ್ ಮುಂದೆ ಹಿಡಿದ್ರೆ ಸಾಕೇನೋ."

ನಾನು ಅದನ್ನು ನಂಬಿದೆ! ಒಂದು ವಾರ ನಂಬಿದ್ದೆ! ಕೊನೆಗೆ ಆಸ್ಪತ್ರೆಯಿಂದ ಸೂಚನೆಗಳ ಹಾಳೆ ಬಂತು. ಹೋಗಲೇಬೇಕು, ಆದರೆ ಉದ್ದನೆಯ ಕೊಳವೆ ಇಲ್ಲ. ಹೊಟ್ಟೆಯ ಒಳಗೆ ಸ್ವಲ್ಪ ಗಾಳಿ ತುಂಬಿಸಿ, ದೊಡ್ಡ ಬಳೆಯಂಥ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನೆಲ್ಲ ಕಂಪ್ಯೂಟರು ಜೋಡಿಸಿ, ಡಾಕ್ಟರು ಕರುಳಿನೊಳಗೆ ನಡೆದುಕೊಂಡು ಹೋದ ಹಾಗೆ ತೋರಿಸುತ್ತದೆ. ಕರುಳು ನನ್ನದೇ, ನಿಜವಾದದ್ದೇ. ನಡಿಗೆ ಮಾತ್ರ ಕಂಪ್ಯೂಟರಿನದು.

ಅಕ್ಟೋಬರ್ ಎಂಟಕ್ಕೆ ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆಯಿಂದ ಹಣ್ಣಿಲ್ಲ, ತರಕಾರಿ ಇಲ್ಲ, ಕಾಳಿಲ್ಲ. ಬಿಳಿ ಅನ್ನ, ಬೇಯಿಸಿದ ಮೀನು, ಸಾರಿಲ್ಲದ ಪಾಸ್ತಾ. ನಾನು ರೋಗಿಯ ಊಟ ಮಾಡುತ್ತಿದ್ದರೆ ಗಾಸ್ಪರೆ ಎದುರಿಗೆ ಕುಳಿತು, ಮಾಂಸ ತುಂಬಿ ಕರಿದ ಆಲಿವ್‌ಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡ. "ನಿನ್ನ ಕಷ್ಟ ನೋಡಕ್ಕಾಗಲ್ಲ ಕಣೇ" ಅನ್ನುತ್ತಾ ತಟ್ಟೆ ಖಾಲಿ ಮಾಡಿದ. ನಾನು ಚಮಚ ಎಸೆದೆ. ಗುರಿ ತಪ್ಪಿತು.

ಹಿಂದಿನ ದಿನ ಒಂದು ಔಷಧಿ ಕುಡಿಯಬೇಕಿತ್ತು. ಒಳಗೆ ಉಳಿದ ಕಸ ಯಾವುದು, ಕರುಳಿನ ಗೋಡೆ ಯಾವುದು ಎಂದು ಚಿತ್ರದಲ್ಲಿ ಬೇರೆಬೇರೆಯಾಗಿ ಕಾಣಲು ಆ ಔಷಧಿ ಕಸಕ್ಕೆ ಬಣ್ಣ ಬಳಿಯುತ್ತದಂತೆ. ಮೂಗಿಗೆ ಸೋಂಪಿನ ಘಮ, ಅಪ್ಪ ಕಾಫಿಗೆ ಎರಡು ಹನಿ ಬಿಟ್ಟುಕೊಳ್ಳುತ್ತಿದ್ದ ಮದ್ಯದ ಹಾಗೆ. ಆಸೆಯಿಂದ ಒಂದೇ ಗುಟುಕಿಗೆ ಕುಡಿದೆ. ಅಯ್ಯೋ, ಕಹಿ ಕಷಾಯಕ್ಕೆ ಸಕ್ಕರೆ ಹಾಕಿದ ಹಾಗಿತ್ತು! ಅದಾದ ಮೇಲೆ ಮಧ್ಯಾಹ್ನವೆಲ್ಲ ಬಚ್ಚಲ ಬಾಗಿಲಿಗೂ ನನಗೂ ಬಿಡದ ಸ್ನೇಹ. ಆಚೆಮನೆಯ ಸೆತ್ತೀಮಿಯಾ ಬಾಗಿಲು ತಟ್ಟಿ, "ನಜ್ಜರೇನಾ ಇಲ್ವಾ?" ಎಂದಳು. "ಇದ್ದಾಳೆ, ಸಿಂಹಾಸನದ ಮೇಲಿದ್ದಾಳೆ, ದರ್ಶನ ನಾಳೆ" ಎಂದು ಗಾಸ್ಪರೆ ಕೂಗಿ ಹೇಳಿದ. ಮಾರನೆಯ ಬೆಳಿಗ್ಗೆ ಬೇಕರಿಯವನಿಗೂ ನನ್ನ ಸುದ್ದಿ ಗೊತ್ತಿತ್ತು.

ಇನ್ನು ಪರೀಕ್ಷೆಯ ದಿನ. ತೆಕ್ಲಾ ಎಂಬ ಹುಡುಗಿ ಯಂತ್ರ ನೋಡಿಕೊಳ್ಳುತ್ತಾಳೆ, ಕಿವಿಯಲ್ಲಿ ಐದು ಓಲೆ. ಮಂಚದ ಮೇಲೆ ಪಕ್ಕಕ್ಕೆ ಮಲಗಿಸಿ, ಬೆರಳಿಗಿಂತ ತೆಳ್ಳನೆಯ ಒಂದು ನಳಿಕೆಯನ್ನು ಹಿಂದಿನಿಂದ ಇಷ್ಟೇ ಇಷ್ಟು ಇಟ್ಟಳು. ಪಕ್ಕದಲ್ಲಿ ಒಂದು ಪೆಟ್ಟಿಗೆ ಮೆಲ್ಲಗೆ ಉಸ್ ಅಂದಿತು. ಹೊಟ್ಟೆ ಬಿಗಿಯತೊಡಗಿತು.

"ನೋವಿದ್ಯಾ ಸಿನ್ಯೋರಾ?" ಎಂದು ಕೇಳಿದಳು.

"ನೋವಲ್ಲಮ್ಮ, ಏಳು ತಿಂಗಳ ಬಸುರಿ ಆದ ಹಾಗಿದೆ."

"ಇನ್ನೊಂದ್ಸಲ್ಪ. ಎಂಟು ತಿಂಗಳಿಗೆ ನಿಲ್ಲಿಸ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ನಗಬೇಡಿ, ಗಾಳಿ ಹೊರಗೆ ಹೋಗತ್ತೆ ಎಂದು ಅವಳು ಗದರಿಸಿದಳು, ಅವಳೂ ನಗುತ್ತಿದ್ದಳು. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಅಕಾರ್ಡಿಯನ್ನಿಗೆ ತಿದಿ ಕಟ್ಟಿದವಳು ನಾನು, ರಟ್ಟು ಮಡಚಿ, ಮೂಲೆಗೆ ಚರ್ಮ ಅಂಟಿಸಿ, ಗಾಳಿ ಸೋರುತ್ತದೆಯೇ ಎಂದು ಕಿವಿಗಿಟ್ಟು ನೋಡಿದವಳು. "ಸೋರಲ್ಲ, ನಾನು ಗ್ಯಾರಂಟಿ ಕೊಡ್ತೀನಿ" ಎಂದೆ. ಮೊದಲು ಅಂಗಾತ ಮಲಗಿಸಿ ಉಸಿರು ಹಿಡಿಸಿದಳು, ಮಂಚ ಬಳೆಯೊಳಗೆ ಹೋಗಿ ಬಂತು. ಆಮೇಲೆ ಬೋರಲು ಮಲಗಿಸಿ ಇನ್ನೊಮ್ಮೆ. ಅಷ್ಟೇ. ಕಾಲು ಗಂಟೆಯೂ ಇಲ್ಲ. ಮತ್ತಿನ ಮದ್ದು ಕೊಡಲಿಲ್ಲ, ನೋವೂ ಇಲ್ಲ, ನಾನೇ ಎದ್ದು ನಡೆದುಕೊಂಡು ಹೊರಗೆ ಬಂದೆ. ಗಾಸ್ಪರೆ ನನ್ನ ಹೊಟ್ಟೆ ನೋಡಿ, "ಇಷ್ಟು ವರ್ಷ ತಿದಿ ಕಟ್ಟಿದೆ, ಈಗ ನಿನ್ನನ್ನೇ ತಿದಿ ಮಾಡಿ ಕಳಿಸಿದ್ರಾ?" ಎಂದ.

ಚಿತ್ರ ನೋಡುವ ಡಾಕ್ಟರು ಒಬ್ಬ ಹೆಂಗಸು, ಸ್ಪಾದೋನಿ ಎಂದು. ನಲವತ್ತು ದಾಟಿರಲಾರದು. ಅರ್ಧ ಗಂಟೆ ಕಾಯಿಸಿ ನಮ್ಮಿಬ್ಬರನ್ನೂ ಒಳಗೆ ಕರೆದಳು. "ನೋಡ್ತೀರಾ?" ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಎಲ್ವಿಯಾ, ಅರವತ್ತಾರು ವರ್ಷ ನನ್ನೊಳಗೇ ಇದ್ದದ್ದನ್ನು ಆವತ್ತು ಮೊದಲ ಸಲ ನೋಡಿದೆ. ನಸುಗೆಂಪು ಸುರಂಗ. ಮಡಿಕೆಯ ಹಿಂದೆ ಮಡಿಕೆ, ಮಡಿಕೆಯ ಹಿಂದೆ ಮಡಿಕೆ. ಅವಳು ಬೆರಳಾಡಿಸಿದ ಹಾಗೆ ನಾವು ಮುಂದೆ ಮುಂದೆ ಹೋಗುತ್ತಿದ್ದೆವು, ತಿರುವಿನಲ್ಲಿ ತಿರುಗುತ್ತಿದ್ದೆವು. ನಿಜ ಹೇಳಲೇ? ಚೆನ್ನಾಗಿತ್ತು. ಕೊಳಕು ಎಂದು ನಾನು ಅಂದುಕೊಂಡಿದ್ದ ಜಾಗ ಅಷ್ಟು ಅಚ್ಚುಕಟ್ಟಾಗಿತ್ತು.

ಒಂದು ಕಡೆ ಅವಳು ನಿಂತಳು. ಹಿಂದಕ್ಕೆ ಬಂದು, ಒಂದು ಮಡಿಕೆಯ ಬೆನ್ನ ಹಿಂದೆ ಇಣುಕಿದಳು. ಅಲ್ಲಿ ಒಂದು ಗಂಟು, ಕಡಲೆಕಾಳಿನಷ್ಟು.

"ಇದು ಹನ್ನೊಂದು ಮಿಲಿಮೀಟರ್ ಇದೆ. ಮೊದಲ ಸಲ ಕೊಳವೆ ಇಲ್ಲೀವರೆಗೆ ಬಂದೇ ಇರ್ಲಿಲ್ಲ. ಇದನ್ನ ತೆಗೀಬೇಕು, ಸಿನ್ಯೋರಾ."

"ತೆಗೀರಿ. ಇಲ್ಲೇ ಮಲಗ್ತೀನಿ."

"ಇದ್ರಿಂದ ನೋಡಬಹುದು ಅಷ್ಟೇ, ತೆಗೆಯಕ್ಕೆ ಬರಲ್ಲ. ತೆಗೆಯಕ್ಕೆ ಮತ್ತೆ ಕೊಳವೇನೇ ಬೇಕು."

ನನಗೆ ರೇಗಿಹೋಯಿತು. "ಹಾಗಾದ್ರೆ ಈ ಮೂರು ದಿನದ ಉಪವಾಸ, ಆ ದರಿದ್ರ ಔಷಧಿ, ಈ ಗಾಳಿ, ಎಲ್ಲ ಯಾಕೆ? ಮೊದ್ಲೇ ಕೊಳವೆ ಹಾಕಿದ್ರಲ್ಲ!"

ಅವಳು ಸಿಟ್ಟಾಗಲಿಲ್ಲ. "ಕಳ್ಳ ಎಲ್ಲಿದ್ದಾನೆ ಅಂತ ಗೊತ್ತಿಲ್ದೆ ಊರೆಲ್ಲ ಹುಡುಕೋದು ಬೇರೆ, ಬೀದಿ ಗೊತ್ತಿದ್ದು, ಮನೆ ನಂಬರ್ ಗೊತ್ತಿದ್ದು ಹೋಗಿ ಹಿಡಿಯೋದು ಬೇರೆ. ಇವತ್ತು ಮನೆ ನಂಬರ್ ಸಿಕ್ಕಿದೆ. ಈ ಸಲ ತೆಳ್ಳನೆ ಕೊಳವೆ, ನಿಮಗೆ ನಿದ್ದೆ, ಅವರಿಗೆ ನಕ್ಷೆ. ಇನ್ನೇನು ಬೇಕು?" ಎಂದಳು.

"ಇದು ಕೆಟ್ಟದ್ದಾ?" ಎಂದು ಗಾಸ್ಪರೆ ಕೇಳಿದ. ಅವನ ದನಿ ನನಗೆ ಗುರುತೇ ಸಿಗಲಿಲ್ಲ.

"ತೆಗೆದು ಪರೀಕ್ಷೆಗೆ ಕಳಿಸೋವರೆಗೂ ಯಾರೂ ಹೇಳಕ್ಕಾಗಲ್ಲ" ಎಂದಳು ಅವಳು.

ಮನೆಗೆ ಬರುವ ದಾರಿಯಲ್ಲಿ ಅವನು ಒಂದೇ ಒಂದು ತಮಾಷೆ ಮಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮಾರನೆಯ ದಿನ ಊಟವಾದ ಮೇಲೆ ಎದ್ದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು, "ಪಾತ್ರೆ ತೊಳೆಯೋ ಸಾಬೂನು ಎಲ್ಲಿ ಇಡ್ತೀಯ?" ಎಂದು ಕೇಳಿದ. ಮದುವೆಯಾಗಿ ನಲವತ್ತೊಂದು ವರ್ಷ, ಎಲ್ವಿಯಾ! ತೋರಿಸಿದೆ. ಅವನು ನನಗೆ ಬೆನ್ನು ಮಾಡಿ ನಿಂತು ಒಂದೇ ಬಟ್ಟಲನ್ನು ಬಹಳ ಹೊತ್ತು ತೊಳೆದ. ಹೆಗಲು ಅಲುಗುತ್ತಿತ್ತು. ನಾನು ಕಾಣದವಳ ಹಾಗೆ ಹೊರಗೆ ಹೋಗಿ ಬಟ್ಟೆ ಒಣಹಾಕಿದೆ.

ಇಪ್ಪತ್ತನಾಲ್ಕಕ್ಕೆ ಮೀಸೆಯ ಡಾಕ್ಟರೇ ಗಂಟು ತೆಗೆದರು. ನಾನು ನಿದ್ದೆಯಲ್ಲಿದ್ದೆ. ಎದ್ದಾಗ ಅವರು, "ನಕ್ಷೆ ಸರಿಯಾಗಿತ್ತು, ಕಳ್ಳ ಮನೇಲೇ ಇದ್ದ" ಎಂದರು. ಆ ಮಾತು ಆಸ್ಪತ್ರೆಯಲ್ಲೆಲ್ಲ ಹರಡಿತ್ತು ಅಂತ ಕಾಣುತ್ತದೆ. ಆಮೇಲೆ ಸುಮಾರು ಮೂರು ವಾರ ಕಾಯುವುದು. ಆ ದಿನಗಳಲ್ಲಿ ನಾನು ಎಂಟು ಸಲ ನಿನಗೆ ಕಾಗದ ಬರೆಯಲು ಕುಳಿತೆ, ಎಂಟು ಸಲ ಎದ್ದೆ.

ಮೊನ್ನೆ ಮಂಗಳವಾರ ಕರೆದರು. ಮೀಸೆಯ ಡಾಕ್ಟರು ಕಾಗದ ನೋಡಿಕೊಂಡು, "ಕ್ಯಾನ್ಸರ್ ಅಲ್ಲ. ಆಗೋ ದಾರೀಲಿತ್ತು. ಬಿಟ್ಟಿದ್ರೆ ಕೆಲವು ವರ್ಷದಲ್ಲಿ ಆಗ್ತಿತ್ತೇನೋ. ಪೂರ್ತಿ ತೆಗೆದಾಗಿದೆ. ಮೂರು ವರ್ಷಕ್ಕೆ ಮತ್ತೆ ಬನ್ನಿ" ಎಂದರು. ಗಾಸ್ಪರೆ ಎದ್ದು ನಿಂತು ಅವರನ್ನು ತಬ್ಬಿಕೊಂಡ. ಅವರ ಕನ್ನಡಕ ಕೆಳಗೆ ಬಿತ್ತು.

ಕನ್ನಡಕ ಎತ್ತಿಕೊಂಡು ಅವರು ನನ್ನ ಅರ್ಜಿ ತಿರುವಿ ಹಾಕಿದರು. "ಮನೇಲಿ ಬೇರೆ ಯಾರಿಗೂ ಇರ್ಲಿಲ್ಲ ಅಂತ ಬರೆದಿದ್ದೀರಿ, ಅಲ್ವಾ?"

"ಹೌದು" ಎಂದೆ.

"ಅವಳ ತಾಯಿ ಸತ್ತದ್ದು ಇದ್ರಿಂದಾನೇ, ಡಾಕ್ಟ್ರೇ" ಎಂದ ಗಾಸ್ಪರೆ. "ಐವತ್ತೆಂಟನೇ ವಯಸ್ಸಿಗೆ. ರೇನಾ, ಸಾಕು ಇನ್ನು. ಹೇಳ್ಬಿಡು."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಡಹುಟ್ಟಿದವರು ಇದ್ದಾರಾ ಎಂದು ಕೇಳಿದರು. ಒಬ್ಬಳು ತಂಗಿ ಎಂದೆ. ವಯಸ್ಸೆಷ್ಟು ಎಂದರು. ಐವತ್ತೊಂಬತ್ತು ಎಂದೆ. "ಅವರಿಗೆ ಗೊತ್ತಾ?" ಎಂದರು. ನಾನು ನೆಲ ನೋಡಿದೆ. "ಇವತ್ತೇ ತಿಳಿಸಿ. ಅವರು ಪರೀಕ್ಷೆ ಮಾಡಿಸ್ಕೊಳ್ಳೇಬೇಕು. ಇದು ನಿಮ್ಮಿಷ್ಟಕ್ಕೆ ಬಿಟ್ಟ ವಿಷಯ ಅಲ್ಲ" ಎಂದರು. ಮೊದಲ ಸಲ ಅವರ ದನಿ ಗಡುಸಾಗಿತ್ತು.

ಅದಕ್ಕೇ ಈ ಕಾಗದ, ಎಲ್ವಿಯಾ. ಅಮ್ಮನದು ಹೃದಯ ನಿಂತು ಆದ ಸಾವಲ್ಲ. ಕರುಳಿನ ಕ್ಯಾನ್ಸರು. ಆ ಪದವನ್ನು ಈ ಮನೆಯಲ್ಲಿ ಯಾರೂ ಆಡಕೂಡದು ಎಂದು ಅಪ್ಪ ಕಟ್ಟುಮಾಡಿದ್ದರು. ಆ ಕಾಲ ಹಾಗಿತ್ತು, ಅದೊಂದು ನಾಚಿಕೆಗೇಡಿನ ಕಾಯಿಲೆ ಎಂಬ ಹಾಗೆ ಮುಚ್ಚಿಡುತ್ತಿದ್ದರು. ನೆರೆಯವರಿಗೆಲ್ಲ ಹೃದಯ ಎಂದೆವು, ನಿನಗೂ ಹಾಗೇ, ಎರಡೇ ದಿನದಲ್ಲಿ ಹೋದಳು ಎಂದು ಹೇಳಿದೆವು. ಅಪ್ಪ ಹೋದ ಮೇಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟು. ನಿಮ್ಮ ಡಾಕ್ಟರ ಹತ್ತಿರ ಹೋಗಿ, ತಾಯಿಗೂ ಅಕ್ಕನಿಗೂ ಹೀಗೆ ಆಗಿದೆ ಎಂದು ಹೇಳು. ಬಹುಶಃ ನಿನಗೆ ನೇರವಾಗಿ ಕೊಳವೆಯದನ್ನೇ ಹೇಳುತ್ತಾರೆ. ನಿನ್ನ ಕರುಳು ನನ್ನದರಷ್ಟು ಸೊಟ್ಟಗಿರಲಾರದು, ಹೆದರಬೇಡ. ಯಾವುದಾದರೂ ಕಾರಣಕ್ಕೆ ಅದು ಆಗದಿದ್ದರೆ ಈ ಚಿತ್ರದ ಪರೀಕ್ಷೆ ಇದೆ, ಅದಕ್ಕಂತೂ ನಾನೇ ಸಾಕ್ಷಿ. ಸೋಂಪಿನ ಔಷಧಿಯನ್ನು ಮೂಗು ಹಿಡಿದು ಕುಡಿ. ದ್ರಾಗೋ ಎದುರಿಗೆ ಕುಳಿತು ಕರಿದದ್ದು ತಿಂದರೆ ಚಮಚವನ್ನು ಗುರಿಯಿಟ್ಟು ಎಸೆ.

ಇಲ್ಲಿ ಬೇರೆಲ್ಲ ಚೆನ್ನಾಗಿದೆ. ಆಲಿವ್ ಕೊಯ್ಲು ಮುಗಿಯಿತು, ಈ ವರ್ಷ ಎಣ್ಣೆ ಕಡಿಮೆ ಆದರೆ ರುಚಿಯಾಗಿದೆ, ನಿನಗೆ ಎರಡು ಡಬ್ಬಿ ಕಳಿಸುತ್ತೇನೆ. ಸೆತ್ತೀಮಿಯಾ ಮೊನ್ನೆ ತಾನೂ ಲಕೋಟೆ ಒಡೆದೆ ಎಂದು ಗುಟ್ಟಾಗಿ ಹೇಳಿದಳು. ಗಾಸ್ಪರೆ ಮತ್ತೆ ತಮಾಷೆ ಶುರು ಮಾಡಿದ್ದಾನೆ, ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಾನೆ. ನನಗೆ ಅದರಲ್ಲೂ ಸಂತೋಷವೇ.

ಲೊರೆತೊದ ಮಾತೆ ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ. ನೀನು ನೂರು ವರ್ಷ ಬಾಳು.

ನಿನ್ನ ಅಕ್ಕ,
ನಜ್ಜರೇನಾ

ತಾ. ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಅಪ್ಪನ ಮೇಲೆ ಎಲ್ಲ ಹೊರಿಸಿ ಕಳಿಸಲು ಮನಸ್ಸು ಬರಲಿಲ್ಲ.

ಅಮ್ಮ ಎರಡು ದಿನದಲ್ಲಿ ಹೋಗಲಿಲ್ಲ, ಎಲ್ವಿಯಾ. ಹನ್ನೊಂದು ವಾರ ಮಲಗಿದ್ದಳು. ಕೊನೆಕೊನೆಗೆ ಅಪ್ಪನೇ, "ಆ ಹುಡುಗಿಗೆ ಬರೆ, ಬರಲಿ" ಎಂದಿದ್ದರು. ಅವರ ಮಾತು ಮೀರಿ ನೀನು ಮದುವೆಯಾದ ದ್ರಾಗೋನ ಮೇಲಿನ ಕೋಪವೂ ಅಷ್ಟು ಹೊತ್ತಿಗೆ ಅವರಿಗೆ ಇಳಿದಿತ್ತು. ನಾನು ಬರೆಯಲಿಲ್ಲ. ಅಮ್ಮನನ್ನು ತೊಳೆದವಳು ನಾನು, ಉಣಿಸಿದವಳು ನಾನು, ಆದರೆ ಬಾಗಿಲು ಸದ್ದಾದಾಗಲೆಲ್ಲ ಅವಳು "ಎಲ್ವಿಯಾ ಬಂದಳಾ?" ಎಂದು ಕೇಳುತ್ತಿದ್ದಳು. ಒಂದು ದಿನವಾದರೂ ಅವಳು ನನ್ನನ್ನು, ನನ್ನೊಬ್ಬಳನ್ನು, ನೋಡಲಿ ಎಂದು ನನಗೆ ಅನಿಸಿತು. "ಬರೆದಿದ್ದೇನಮ್ಮ, ಬರ್ತಾಳೆ" ಎಂದು ಅವಳಿಗೆ ಹೇಳಿದೆ. ಅಪ್ಪನಿಗೂ ಹಾಗೇ ಹೇಳಿದೆ. ನೀನು ಕರೆದರೂ ಬರಲಿಲ್ಲ ಎಂದುಕೊಂಡೇ ಅಮ್ಮ ಹೋದಳು. ಇದು ಗಾಸ್ಪರೆಗೂ ಗೊತ್ತಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಯೋಚಿಸುತ್ತಾ ಕುಳಿತು ದಿನ ಕಳೆಯುತ್ತೀಯ. ಓದಿದ ಕೂಡಲೇ ನನಗೆ ಫೋನ್ ಮಾಡಬೇಡ, ಮೊದಲು ಡಾಕ್ಟರಿಗೆ ಮಾಡು. ದಿನ ಗೊತ್ತುಮಾಡಿಸಿಕೋ. ಆಮೇಲೆ ನನಗೆ ಮಾಡು, ಏನು ಬೇಕಾದರೂ ಅನ್ನು, ಎಷ್ಟು ಹೊತ್ತು ಬೇಕಾದರೂ ಅನ್ನು. ಕೇಳಿಸಿಕೊಳ್ಳಲು ನಾನು ಇದ್ದೇನೆ.